ಬಾವಿ ಪಿಕ್ಚರಿನ ಎರಡು ಕಥೆ

ದೆವ್ವದ ಪಿಕ್ಚರಿನಲ್ಲಿ ದೆವ್ವ ಕೊನೆಗೆ ಮನುಷ್ಯನಾಗಿಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಬಂದ ದೆವ್ವದ ಪಿಕ್ಚರುಗಳಲ್ಲಿ ಮುಕ್ಕಾಲು ಪಾಲು ಹೀಗೇ ಮೋಸ ಮಾಡಿದವು. ಹಾಳು ಬಂಗಲೆ, ಕಂದೀಲು ಹಿಡಿದ ಕುಂಟ ಕಾವಲುಗಾರ, ಬಿಳಿ ಸೀರೆ, ಗೆಜ್ಜೆ ಸದ್ದು, ಎಲ್ಲ ಸರಿಯಾಗಿಯೇ ಇರುತ್ತಿತ್ತು. ನಮ್ಮನ್ನು ಅಷ್ಟು ಹೊತ್ತು ಕಂಬಳಿಯೊಳಗೆ ಮುದುಡಿಸಿ ಕೂರಿಸಿ, ಕೊನೆಗೆ ಪೊಲೀಸಿನವನು ಬಂದು ಮುಖವಾಡ ಕಿತ್ತರೆ ಒಳಗೆ ನಾಯಕಿಯ ಚಿಕ್ಕಪ್ಪ ಇರುತ್ತಿದ್ದ. ಆಸ್ತಿಗೋಸ್ಕರ ಹೀಗೆ ಮಾಡಿದೆ ಅಂತ ಒಪ್ಪಿಕೊಳ್ಳುತ್ತಿದ್ದ. ಆಸ್ತಿ ಬೇಕಿದ್ದರೆ ಕೋರ್ಟಿಗೆ ಹೋಗಬೇಕಪ್ಪ, ಈ ವಯಸ್ಸಿನಲ್ಲಿ ಸೀರೆ ಉಟ್ಟುಕೊಂಡು ಹುಣಸೆಮರ ಹತ್ತುವುದು ಯಾಕೆ ಅಂತ ನಾನು ಟೆಂಟ್ ಸಿನಿಮಾದಲ್ಲೇ ಗಟ್ಟಿಯಾಗಿ ಕೇಳಿ, ಪಕ್ಕದವರಿಂದ ಬೈಸಿಕೊಂಡಿದ್ದೇನೆ.

ಇನ್ನೊಂದು ಜಾತಿಯ ಪಿಕ್ಚರುಗಳಿದ್ದವು. ಅವುಗಳಲ್ಲಿ ದೆವ್ವ ಇರುತ್ತಿರಲಿಲ್ಲ, ಆದರೂ ನೋಡಿ ಬಂದ ಮೇಲೆ ಊಟ ಸೇರುತ್ತಿರಲಿಲ್ಲ. ಚಿತ್ರದುರ್ಗಕ್ಕೆ ಉಣ್ಣೆ ತರಲು ಹೋದಾಗ ಅಂಥದ್ದೊಂದು ನೋಡಿದೆ. ಕಪ್ಪು ಬಿಳುಪು, ಹಾಡಿಲ್ಲ, ಮಾತೂ ಕಡಿಮೆ. ಒಂದು ಮನೆ, ಒಬ್ಬಳು ಹೆಂಡತಿ, ದಿನೇ ದಿನೇ ಅವಳ ತಲೆ ಕೆಡುತ್ತಿದೆ, ಮನೆಯವರೆಲ್ಲ ಊಟ ಮಾಡುತ್ತ ಅದನ್ನು ನೋಡುತ್ತಾರೆ. ಅಷ್ಟೇ ಕಥೆ. ಹಿಂದಿನ ಬೆಂಚಿನವನು 'ಏನಪ್ಪ ಇದು, ಕರೆಂಟ್ ಹೋದಂಗೈತೆ' ಅಂತ ಎದ್ದು ಹೋದ. ಅವನ ಹಿಂದೆ ಮತ್ತೂ ಕೆಲವರು ಎದ್ದರು. ನಾನು ಕೂತೇ ಇದ್ದೆ. ನನ್ನ ಮಟ್ಟಿಗೆ ಆ ಬಂಗಲೆ ದೆವ್ವಗಳನ್ನೆಲ್ಲ ಸೇರಿಸಿದರೂ ಆ ಊಟದ ಸೀನಿನ ಭಯಕ್ಕೆ ಸಮ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಬಾವಿ ಪಿಕ್ಚರಿನ ಮಾತಿಗೆ ಬರಬೇಕು. ಅದಕ್ಕೆ ಬೇರೆ ಹೆಸರಿತ್ತು, ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೂ ಇತ್ತು. ಆದರೆ ನಮ್ಮ ಮನೆಯಲ್ಲಿ ಪಿಕ್ಚರುಗಳಿಗೆ ನಾವೇ ಹೆಸರಿಡುತ್ತಿದ್ದೆವು. ಗೆಜ್ಜೆ ಪಿಕ್ಚರು, ಕುಂಟನ ಪಿಕ್ಚರು, ಬಾವಿ ಪಿಕ್ಚರು. ಹೆಸರಿಡುವವಳು ನನ್ನ ಅಕ್ಕ.

ನಾವು ಹೊಸದುರ್ಗದವರು. ಕುರಿ ಕಾಯುವ ಮನೆತನ. ಅಪ್ಪನ ಕಾಲಕ್ಕೆ ಕುರಿ ಕಡಿಮೆಯಾಗಿ ಕಂಬಳಿ ವ್ಯಾಪಾರ ಹೆಚ್ಚಾಗಿತ್ತು. ಅಪ್ಪ ಹಿರಿಯೂರು, ಹೊಳಲ್ಕೆರೆ ಸಂತೆಗಳಿಗೆ ಕಂಬಳಿ ಹೊತ್ತುಕೊಂಡು ಹೋಗುತ್ತಿದ್ದ. ನಾನು ಓದು ಮುಗಿಸಿ ಅವನ ಜೊತೆ ಸೇರಿಕೊಂಡಿದ್ದೆ. ಕೆಲಸಕ್ಕೆ ಹೋದ ಊರಿನಲ್ಲೆಲ್ಲ ಪಿಕ್ಚರು ನೋಡುತ್ತಿದ್ದೆ. ಸಂತೆ ಮುಗಿದ ಮೇಲೆ ನಾನು ಕಾಣದಿದ್ದರೆ ಅಪ್ಪ ಹುಡುಕುತ್ತಿರಲಿಲ್ಲ, ನೇರ ಟೆಂಟಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಈ ಹುಚ್ಚು ಹಿಡಿಸಿದವಳೇ ಅಕ್ಕ. ನಾನು ಚಿಕ್ಕವನಿದ್ದಾಗ ನನ್ನ ಕೈ ಹಿಡಿದು ಟೆಂಟಿಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳು. ಮರಳಿನ ಮೇಲೆ ಕಂಬಳಿ ಹಾಸಿ, ದೆವ್ವ ಬಂದಾಗ ಅದೇ ಕಂಬಳಿಯನ್ನು ನನ್ನ ತಲೆಯ ಮೇಲೆ ಎಳೆದು, ತಾನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ. 'ದೆವ್ವ ಪಾಪ ಕಣೋ, ಅದ್ರ ಕಷ್ಟ ಯಾರೂ ಕೇಳಲ್ಲ' ಅನ್ನುತ್ತಿದ್ದಳು. ಆಮೇಲೆ ಅವಳನ್ನು ಹಿರಿಯೂರು ಕಡೆ ಆದಿವಾಲಕ್ಕೆ ಕೊಟ್ಟರು. ಅತ್ತೆ ಮನೆಯಲ್ಲಿ ಪಿಕ್ಚರಿನ ಮಾತೆತ್ತುವ ಹಾಗಿರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಲೇ ನನ್ನನ್ನು ಕೇಳಿದ್ದು, 'ಲೇ ತಮ್ಮ, ಟೆಂಟ್‌ನಾಗೆ ಈಗ ಯಾವ್ದು ಓಡ್ತೈತೆ?'

ಅವ್ವ ಆ ಮಾತನ್ನು ಅಲ್ಲೇ ಕತ್ತರಿಸಿದಳು. ಬಸುರಿ ಹೆಂಗಸು ದೆವ್ವದ ಪಿಕ್ಚರು ನೋಡಿದರೆ ಹೊಟ್ಟೆಯೊಳಗಿನ ಕೂಸು ಬೆಚ್ಚುತ್ತದೆ ಅನ್ನುವುದು ಅವಳ ನಂಬಿಕೆ. ಆಸುಪಾಸಿನ ಎಲ್ಲ ಹೆಂಗಸರ ನಂಬಿಕೆಯೂ ಅದೇ ಆಗಿತ್ತು. ಅಕ್ಕ ಜಗಳ ಮಾಡಿದಳು, ಊಟ ಬಿಟ್ಟಳು, ಅತ್ತಳು. ಕೊನೆಗೆ ಅವ್ವನೇ ಒಂದು ದಾರಿ ತೋರಿಸಿದಳು. 'ಇವನು ಹೋಗಿ ನೋಡ್ಕಂಬರ್ಲಿ. ಮಾರ್ನೆ ದಿನ ಬಿಸ್ಲಾಗೆ ಕುಂತು ಹೇಳ್ಲಿ. ಬಾಯಿ ಮಾತ್ನಾಗೆ ಕೇಳಿದ್ರೆ ಏನಾಗಲ್ಲ.'

ಹೀಗೆ ನನಗೆ ಒಂದು ಕೆಲಸ ಸಿಕ್ಕಿತು. ಆ ವರ್ಷ ಟೆಂಟನ್ನು ನಮ್ಮ ಮನೆಯ ಹಿಂದಿನ ಕಣದಲ್ಲೇ ಹಾಕಿದ್ದರು. ಮೊದಲು ಊರಿನ ಆ ತುದಿಗೆ ಹಾಕುತ್ತಿದ್ದರು, ನಡೆದು ಹೋಗಬೇಕಿತ್ತು. ಈಗ ಹಿತ್ತಲ ಗೋಡೆ ದಾಟಿದರೆ ಟೆಂಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಟೆಂಟಿನ ಮೇಲಿನ ಮೈಕಿನ ಹಾರ್ನಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಅದು ಊರಿಗೆಲ್ಲ ಕೇಳುತ್ತಿತ್ತು. ಹಾಡು ನಿಂತಿತೆಂದರೆ ಪಿಕ್ಚರು ಶುರುವಾಯಿತು ಅಂತ ಅರ್ಥ. ಹಾಡು ಮುಗಿಯುವ ಮೊದಲೇ ನಾನು ಒಳಗಿರುತ್ತಿದ್ದೆ.

ಮಾರನೆ ದಿನ ಮಧ್ಯಾಹ್ನ ಹಿತ್ತಲಲ್ಲಿ ಕಥೆ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಮಡಿಲಲ್ಲಿ ಉಣ್ಣೆ ಹಾಕಿಕೊಂಡು ಅದಕ್ಕೆ ಸಿಕ್ಕಿದ ಮುಳ್ಳು ಕಸ ಆರಿಸುತ್ತಿದ್ದಳು. ನಾನು ಎದುರಿಗೆ ನಿಂತು ಕುಂಟುತ್ತಿದ್ದೆ, ಕಂದೀಲು ಹಿಡಿಯುತ್ತಿದ್ದೆ, ಬಾಗಿಲು ಕಿರುಗುಟ್ಟಿಸುತ್ತಿದ್ದೆ. ಅವಳ ಪ್ರಶ್ನೆಗಳು ಒಂದು ತರಹ ಇದ್ದವು. ಯಾರು ಏನು ಅಂದರು ಅಂತ ಅವಳು ಕೇಳುತ್ತಲೇ ಇರಲಿಲ್ಲ. ಸೀರೆ ಎಂಥದ್ದು, ಆ ಮಾತು ಹೇಳುವಾಗ ಅವಳ ಮುಖ ಹೇಗಿತ್ತು, ದೀಪ ಯಾವ ಕಡೆ ಇತ್ತು, ಬಾಗಿಲು ತೆಗೆದಾಗ ಹಿಂದೆ ಏನು ಕಂಡಿತು, ಬರೀ ಇಂಥವೇ. ನಾನು ಡೈಲಾಗು ಹೇಳಲು ಹೋದರೆ 'ಅದಿರ್ಲಿ ಬಿಡು, ಆಗ ಅವನು ಎಲ್ಲಿ ನಿಂತಿದ್ದ ಅದನ್ನ ಹೇಳು' ಅನ್ನುತ್ತಿದ್ದಳು. ಹೆಂಗಸರಿಗೆ ಸೀರೆಯದೇ ಚಿಂತೆ ಅಂತ ನಾನು ನಗುತ್ತಿದ್ದೆ.

ಆ ದಿನಗಳಲ್ಲೇ ಅಪ್ಪ ಹಿರಿಯೂರು ಸಂತೆಯಿಂದ ಕಂಬಳಿ ಮಾರದೆ ವಾಪಸ್ಸು ಬಂದ. ಕಂಬಳಿ ಗಂಟನ್ನು ಅಂಗಳದಲ್ಲಿ ಇಳಿಸಿ, ಅವ್ವನನ್ನೂ ನನ್ನನ್ನೂ ಬೀದಿಯ ಕಡೆ ಕರೆದ. ಆದಿವಾಲದ ಕಡೆಯವರೊಬ್ಬರು ಸಂತೆಯಲ್ಲಿ ಅವನಿಗೆ ಸುದ್ದಿ ಹೇಳಿದ್ದರು. ಭಾವ ಇನ್ನೊಬ್ಬಳಿಗೆ ತಾಳಿ ಕಟ್ಟಿ ಮನೆಗೆ ಕರೆದುಕೊಂಡು ಬಂದಿದ್ದ. ಅಪ್ಪ ನಂಬದೆ ಅಲ್ಲಿಂದಲೇ ಬಸ್ಸು ಹತ್ತಿ ಆದಿವಾಲಕ್ಕೆ ಹೋಗಿದ್ದ. ಸುದ್ದಿ ನಿಜವಾಗಿತ್ತು. ಬೀಗಿತ್ತಿ ಅಪ್ಪನಿಗೆ ಕೂರಲು ಚಾಪೆ ಹಾಕಿ, ನೀರು ಕೊಟ್ಟು, 'ಗಂಡ್ಸು ಮಾಡ್ಕಂಬಿಟ್ಟವ್ನೆ, ನಾವೇನ್ ಮಾಡಾಕಾಗ್ತೈತೆ ಹೇಳ್ರಿ' ಅಂದಳಂತೆ. ಒಳಗೆ ಆ ಹೊಸಬಳು ರೊಟ್ಟಿ ತಟ್ಟುವ ಸದ್ದು ಕೇಳಿಸುತ್ತಿತ್ತಂತೆ. ಅಪ್ಪ ನೀರನ್ನೂ ಕುಡಿಯದೆ ಬಂದಿದ್ದ.

'ಹೆರಿಗೆ ಆಗೋಗಂಟ ಇದು ಅವಳ ಕಿವಿಗೆ ಬೀಳಬಾರ್ದು,' ಅಂದ ಅಪ್ಪ. 'ಆಮ್ಯಾಕೆ ನಾನೇ ಹೇಳ್ತೀನಿ.' ಅವ್ವ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಒಳಗೆ ಹೋದಳು. ಆ ವಾರ ಅವಳೊಬ್ಬಳೇ ಹಾಲುರಾಮೇಶ್ವರಕ್ಕೆ ಹೋಗಿ ಕೊಳದ ಮುಂದೆ ಕೂತು ಬೇಡಿಕೊಂಡು ಬಂದಳು. ಅಲ್ಲಿ ಬೇಡಿದವರಿಗೆ ನೀರಿನಲ್ಲಿ ತೇಲಿ ಬಂದು ಏನಾದರೂ ಪ್ರಸಾದ ಸಿಗುತ್ತದೆ. ಅವ್ವನಿಗೆ ಏನು ಸಿಕ್ಕಿತು ಅಂತ ನಾನು ಕೇಳಿದೆ, ಅವಳು ಹೇಳಲಿಲ್ಲ. ಅಕ್ಕ ಮಾತ್ರ ಮಡಿಲು ತುಂಬುವ ಶಾಸ್ತ್ರಕ್ಕೆ ಗಂಡ ಬರುತ್ತಾನೆ ಅಂತ ಹಸಿರು ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದಳು. ಆ ಸೀರೆಯನ್ನು ನೋಡುತ್ತ ಓಡಾಡುವುದು ನಮ್ಮ ಮೂವರಿಗೂ ಕಷ್ಟವಾಗಿತ್ತು.

ಬಾವಿ ಪಿಕ್ಚರು ಬಂದಿದ್ದು ಆಗ. ಟೆಂಟಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕದಲ್ಲಿ ಅರ್ಧ ಕಥೆ ಕೊಟ್ಟು, ಮುಂದಿನದನ್ನು ಪರದೆಯ ಮೇಲೆ ನೋಡಿ ಅಂತ ಬರೆದಿರುತ್ತಾರೆ. ಪುಸ್ತಕ ಓದಿದಾಗ ಮಾಮೂಲಿ ಬಂಗಲೆ ಕಥೆ ಅನ್ನಿಸಿತು. ಒಳಗೆ ಹೋಗಿ ಕೂತೆ. ಅರ್ಧ ತಾಸಿನೊಳಗೆ ಎದ್ದು ಹೋಗಬೇಕು ಅನ್ನಿಸಿತು, ದೆವ್ವಕ್ಕಲ್ಲ. ಒಬ್ಬ ಹೆಂಡತಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಗಂಡ ಇನ್ನೊಬ್ಬಳನ್ನು ತಂದುಕೊಳ್ಳುತ್ತಾನೆ. ಕೂಸನ್ನು ಎತ್ತಿಕೊಂಡು ವಾಪಸ್ಸು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ, ಕೂಸನ್ನು ಕಸಿದುಕೊಂಡು, ಅವಳನ್ನು ಹೊರಗೆ ಹಾಕುತ್ತಾರೆ. ಅವಳು ಬಾವಿಗೆ ಬೀಳುತ್ತಾಳೆ.

ಅಲ್ಲಿಂದ ಮುಂದೆ ದೆವ್ವ. ಈ ದೆವ್ವದ ವಿಷಯದಲ್ಲಿ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ನಾನು ನೋಡಿದ ದೆವ್ವಗಳಲ್ಲಿ ಅದೇ ದೊಡ್ಡದು. ಅದು ಯಾರ ಕತ್ತನ್ನೂ ಹಿಸುಕಲಿಲ್ಲ, ಮರ ಹತ್ತಲಿಲ್ಲ, ನಗಲೂ ಇಲ್ಲ. ಒದ್ದೆ ಸೀರೆಯಲ್ಲಿ ಬಂದು ತೊಟ್ಟಿಲ ಹತ್ತಿರ ನಿಲ್ಲುತ್ತಿತ್ತು. ಕೂಸು ಅಳುತ್ತಿತ್ತು. ಎತ್ತಿಕೊಳ್ಳಲು ಕೈ ಚಾಚಿದರೆ ಕೈ ಕೂಸಿನೊಳಗಿಂದ ಹಾದು ಹೋಗುತ್ತಿತ್ತು. ಮತ್ತೆ ಚಾಚುತ್ತಿತ್ತು. ಕೊನೆಯವರೆಗೂ ಅಷ್ಟೇ. ಮನೆಯವರು ಹೆದರಿ ಮನೆ ಬಿಟ್ಟು ಓಡುತ್ತಾರೆ, ಕೂಸನ್ನು ಮರೆತು ಓಡುತ್ತಾರೆ, ದೆವ್ವ ಮತ್ತು ಅಳುವ ಕೂಸು ಇಬ್ಬರೇ ಉಳಿಯುತ್ತಾರೆ. ಅಲ್ಲಿಗೆ ಪಿಕ್ಚರು ಮುಗಿಯಿತು. ಟೆಂಟಿನಲ್ಲಿ ಯಾರೂ ಸಿಳ್ಳೆ ಹೊಡೆಯಲಿಲ್ಲ. ಬೇರೆಯವರನ್ನು ಹೆದರಿಸುವ ದೆವ್ವಕ್ಕಿಂತ ಏನೂ ಮಾಡಲಾಗದ ದೆವ್ವ ಹೆಚ್ಚು ಭಯಂಕರ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಹೊರಗೆ ಬಂದಾಗ ಮಾತ್ರ ಒಂದೇ ಯೋಚನೆ, ನಾಳೆ ಅಕ್ಕನಿಗೆ ಏನು ಹೇಳುವುದು?

ನೋಡಲಿಲ್ಲ ಅನ್ನುವ ಹಾಗಿರಲಿಲ್ಲ, ನಾನು ಹೋಗಿದ್ದು ಅವಳಿಗೆ ಗೊತ್ತಿತ್ತು. ಪಿಕ್ಚರು ಚೆನ್ನಾಗಿಲ್ಲ ಅಂದರೂ ಕಥೆ ಬಿಡುವವಳಲ್ಲ. ರಾತ್ರಿ ಪೂರ್ತಿ ಮಲಗದೆ ಕಥೆ ಕಟ್ಟಿದೆ. ಮಧ್ಯಾಹ್ನ ಅವಳು ಉಣ್ಣೆ ಹಿಡಿದು ಕೂತಾಗ ಶುರು ಮಾಡಿದೆ. ಗಂಡ ದೂರದ ಊರಿಗೆ ದುಡಿಯಲು ಹೋದ ಅಂದೆ. ಬಾವಿಯಲ್ಲಿ ಇರುವುದು ಹಳೆಯ ಕಾಲದ ಒಂದು ಮುದುಕಿ ದೆವ್ವ ಅಂದೆ. ಮುದುಕಿ ಮನೆಯವರನ್ನೆಲ್ಲ ಕಾಡುತ್ತದೆ, ಕೊನೆಗೆ ಗಂಡ ಬಂದು ಹೆಂಡತಿಯನ್ನೂ ಕೂಸನ್ನೂ ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಹೊಸ ಮನೆಗೆ ಹೋಗುತ್ತಾನೆ ಅಂದೆ. ನಾನು ಬೈಯುವ ಪಿಕ್ಚರುಗಳಿಗಿಂತಲೂ ಕೆಟ್ಟ ಕಥೆ ಅದು.

ಅಕ್ಕ ಉಣ್ಣೆ ಆರಿಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

'ಅವನು ವಾಪಸ್ ಬರ್ತಾನಾ?'

'ಬರ್ತಾನಕ್ಕ.'

'ಬರುವಾಗ ಏನ್ ಹಾಕ್ಕಂಡಿದ್ದ?'

'ಬಿಳೀ ಜುಬ್ಬ. ಹೆಗಲ ಮ್ಯಾಲೆ ಟವಲು.'

'ಕೈಯಾಗೆ ಏನಾರ ಹಿಡ್ಕಂಡಿದ್ನಾ?'

ನಾನು ತಡವರಿಸಿದೆ. 'ಹೂವು. ಬಾಳೆಹಣ್ಣು. ಕೂಸಿಗೆ ಒಂದು ಕುಲಾವಿ.'

'ಕುಲಾವಿ ಯಾವ ಬಣ್ಣ?'

'ಕೆಂಪು.'

'ಸರಿ ಬಿಡು,' ಅಂದಳು. ಎದ್ದು ಹೋಗಿ ಬಿಸಿಲಿಗೆ ಹಾಕಿದ್ದ ಹಸಿರು ಸೀರೆಯನ್ನು ಮಡಿಸಿ ಒಳಗಿಟ್ಟಳು. ಮೋಡ ಆಗಿದೆ, ಅದಕ್ಕೇ ಎತ್ತಿಟ್ಟಳು ಅಂದುಕೊಂಡೆ. ನನ್ನ ಕಥೆ ನಡೆಯಿತು ಅಂತ ನನಗೆ ಎಷ್ಟು ನಿರಾಳವಾಯಿತೆಂದರೆ, ಒಳಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಬಾವಿ ಪಿಕ್ಚರು ಚೆನ್ನಾಗಿ ಓಡಿತು. ಟೆಂಟಿನವರು ಅದನ್ನೇ ಮುಂದುವರಿಸಿದರು. ನಾನೂ ಮತ್ತೆ ಮತ್ತೆ ಹೋದೆ. ಆಮೇಲೆ ಒಂದು ದಿನ ಸಂತೆಯಲ್ಲಿ ಮಳೆಗೆ ನೆಂದು ಜ್ವರ ಬಂತು. ಅವ್ವ ಹಿತ್ತಲ ಕಡೆಯ ಕೋಣೆಯಲ್ಲಿ ನನಗೆ ಚಾಪೆ ಹಾಕಿ, ಎರಡು ಕಂಬಳಿ ಹೊದಿಸಿ, ಗಂಜಿ ಕಾಯಿಸಲು ಹೋದಳು. ಅಕ್ಕ ಅದೇ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅದು ಅವಳ ಕೋಣೆ. ಸಂಜೆ ಆಯಿತು, ಹಾರ್ನಿನಲ್ಲಿ ದೇವರ ಹಾಡು ಬಂತು, ಹಾಡು ನಿಂತಿತು.

ಹಾಡು ನಿಂತ ಮೇಲೆ ಏನಾಗುತ್ತದೆ ಅಂತ ಹೊರಗಿನಿಂದ ನಾನು ಯಾವತ್ತೂ ಕೇಳಿರಲಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಟೆಂಟಿನ ಒಳಗೇ ಇರುತ್ತಿದ್ದೆ.

ಮೊದಲು ವಾದ್ಯದ ಸದ್ದು ಬಂತು. ಆಮೇಲೆ ಮಾತು. ಬಾವಿ ಪಿಕ್ಚರಿನ ಮಾತುಗಳು ಒಂದೊಂದೂ ಗೋಡೆ ದಾಟಿ ನಮ್ಮ ಕೋಣೆಗೆ ಬರುತ್ತಿದ್ದವು. ಟೆಂಟೆಂದರೆ ಬಟ್ಟೆ ತಾನೆ, ಅದು ಸದ್ದನ್ನು ಎಲ್ಲಿ ತಡೆಯುತ್ತದೆ? ಹೆಂಡತಿ ತವರಿಗೆ ಹೊರಡುವ ಮಾತು, ಗಾಡಿಯ ಗಂಟೆ, ಗಂಡನ ಕೆಮ್ಮು, ಎಲ್ಲ ಪಕ್ಕದಲ್ಲೇ ನಡೆದಂತೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಕಂಬಳಿಯಿಂದ ತಲೆ ಹೊರಗೆ ಹಾಕಿ ಅಕ್ಕನನ್ನು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಅಲ್ಲಾಡುತ್ತಿತ್ತು. ಗಂಡ ಬಾಗಿಲಲ್ಲಿ ನಿಂತು ಹೇಳುವ ಮಾತು ಬರುವುದಕ್ಕೆ ಮೊದಲೇ ಅವಳು ಮೆಲ್ಲಗೆ ಹೇಳಿದಳು, 'ನೀನು ನಿನ್ನ ತವರಿನಲ್ಲೇ ಇರು. ಈ ಮನೆಗೆ ಇನ್ನು ಇವಳೇ.' ಆಮೇಲೆ ಗೋಡೆಯಾಚೆಯಿಂದ ಅದೇ ಮಾತು ಗಂಡಸಿನ ದನಿಯಲ್ಲಿ ಬಂತು.

ನಾನು ಮೊಣಕೈ ಊರಿ ಎದ್ದೆ.

'ಅಕ್ಕಾ, ನಿಂಗೆ ದಿನಾ ಕೇಳ್ತಿತ್ತಾ?'

ಅವಳು ಕಣ್ಣು ಬಿಟ್ಟಳು. 'ನಾನು ಬಂದ ದಿನದಿಂದ್ಲೂ ಕೇಳ್ತೈತೆ. ಮಾತೆಲ್ಲ ಇಲ್ಲೇ ಕೇಳ್ಕಂತಿದ್ದೆ. ಕಣ್ಣಿಗೆ ಕಾಣದ್ದು ನಿನ್ನ ಕೇಳ್ತಿದ್ದೆ.'

'ಮತ್ತೆ ನಾನು ಬಾವಿ ಪಿಕ್ಚರ್ ಹೇಳ್ದಾಗ ಯಾಕೆ ಸುಮ್ನಿದ್ದೆ?'

ಗೋಡೆಯಾಚೆ ಆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು.

'ಎಲ್ಲ ಪಿಕ್ಚರ್ನೂ ಇದ್ದಂಗೇ ಹೇಳ್ದೆ ನೀನು. ಗೆಜ್ಜೆದು, ಕುಂಟಂದು, ಎಲ್ಲ ಸರಿಗೇ ಹೇಳ್ದೆ. ಇದೊಂದನ್ನೇ ಬದಲಾಯ್ಸಿದೆ. ಯಾಕೆ ಇದೊಂದನ್ನೇ ಬದಲಾಯ್ಸಿದ ಅಂತ ಯೋಚ್ನೆ ಮಾಡ್ದೆ. ಅಪ್ಪ ಕಂಬ್ಳಿ ಮಾರ್ದೇ ವಾಪಸ್ ಬಂದಿದ್ದು ನೆಪ್ಪಾತು. ಅವ್ವ ಒಬ್ಳೇ ಹಾಲುರಾಮೇಶ್ವರಕ್ಕೆ ಹೋಗಿದ್ದು ನೆಪ್ಪಾತು. ಆಮ್ಯಾಕೆ ಕೇಳಾದು ಏನೈತೆ?'

ನಾನು ಮುಚ್ಚಿಡಲು ಕಟ್ಟಿದ ಕಥೆಯೇ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿತ್ತು. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅವಳು ಅದನ್ನು ಪಿಕ್ಚರು ಅಂತ ಕೇಳಿ ಬಿಡುತ್ತಿದ್ದಳು, ಪಾಪ ಅನ್ನುತ್ತಿದ್ದಳು, ಸೀರೆ ಎಷ್ಟು ಒದ್ದೆಯಾಗಿತ್ತು ಅಂತ ಕೇಳುತ್ತಿದ್ದಳು. ಜ್ವರದಲ್ಲಿ ನನಗೆ ಅಳು ಬಂತು. ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ಅಕ್ಕ ಸರಿದು ಬಂದು, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ, ಕಂಬಳಿಯ ಮೇಲಿಂದಲೇ ನನ್ನ ತಲೆಯ ಮೇಲೆ ಕೈಯಿಟ್ಟಳು.

'ನಂಗೆ ಗೊತ್ತೈತೆ ಅಂತ ಅವ್ವಂಗೆ ಹೇಳ್ಬ್ಯಾಡ,' ಅಂದಳು. 'ಅವಳು ತಡಕಳಲ್ಲ.'

ಅವ್ವ ಗಂಜಿ ತಂದಳು. ನಾನು ಕುಡಿದೆ. ಗೋಡೆಯಾಚೆ ಕೂಸು ಅಳುವ ಸದ್ದು ಬರುತ್ತಿತ್ತು. ಅವ್ವ ಲೋಟ ತೆಗೆದುಕೊಂಡು, ಕಿಟಕಿ ಮುಚ್ಚಿ ಹೋದಳು.

ಜ್ವರ ಬಿಟ್ಟ ಮೇಲೆ ಆದಿವಾಲಕ್ಕೆ ಹೋಗಿ ಭಾವನ ಕೊರಳಪಟ್ಟಿ ಹಿಡಿಯಬೇಕು ಅಂತ ಬಸ್ಟ್ಯಾಂಡಿಗೆ ಹೋದೆ. ಹಿರಿಯೂರಿನ ಬಸ್ಸು ಬಂತು. ಹಿಡಿದು ಏನು ಮಾಡುವುದು? ಎಳೆದುಕೊಂಡು ಬಂದು ಅಕ್ಕನ ಮುಂದೆ ನಿಲ್ಲಿಸಿದರೂ ಆ ಹೊಸಬಳು ಅಲ್ಲೇ ರೊಟ್ಟಿ ತಟ್ಟುತ್ತಿರುತ್ತಾಳೆ. ಬಸ್ಸು ಹೋಯಿತು. ನಾನು ಮನೆಗೆ ಬಂದು ಉಣ್ಣೆ ತೂಗಿದೆ. ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಸುಳ್ಳು ಆಡುತ್ತಿದ್ದೆವು. ಭಾವನಿಗೆ ಕಬ್ಬಿನ ಕೆಲಸ ಜಾಸ್ತಿ ಅಂತ ಅಪ್ಪ ಹೇಳುತ್ತಿದ್ದ. ಹೌದಪ್ಪ, ಬಿಡುವಿಲ್ಲ ಅಂತ ಅಕ್ಕ ಅನ್ನುತ್ತಿದ್ದಳು. ಮಡಿಲು ತುಂಬುವ ಶಾಸ್ತ್ರವನ್ನು ಅವನಿಲ್ಲದೆಯೇ ಮಾಡಿದರು. ಯಾರ ಮುಖವನ್ನೂ ಯಾರೂ ನೋಡುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ನೋಡಿದ ಆ ಊಟದ ಸೀನು ನನಗೆ ದಿನಾ ಕಾಣುತ್ತಿತ್ತು, ಈ ಸಲ ಊಟಕ್ಕೆ ಕೂತವರಲ್ಲಿ ನಾನೂ ಇದ್ದೆ.

ಟೆಂಟಿನವರು ಗೂಟ ಕಿತ್ತು ಹೊಳಲ್ಕೆರೆಗೆ ಹೋದರು. ಕಣ ಖಾಲಿಯಾಯಿತು. ಅಕ್ಕನಿಗೆ ಹೆಣ್ಣು ಕೂಸು ಆಯಿತು. ಆದಿವಾಲಕ್ಕೆ ಸುದ್ದಿ ಮುಟ್ಟಿಸಿದೆವು, ಅಲ್ಲಿಂದ ಯಾರೂ ಬರಲಿಲ್ಲ.

ಹೆರಿಗೆಯಾದ ಮೇಲೆ ತಾನೇ ಹೇಳುತ್ತೇನೆ ಅಂದಿದ್ದ ಅಪ್ಪ ದಿನಾ ಬಾಣಂತಿ ಕೋಣೆಯ ಹೊಸ್ತಿಲವರೆಗೆ ಬಂದು, ಗಂಟಲು ಸರಿಮಾಡಿಕೊಂಡು, ಕೂಸು ಮಲಗೈತಾ ಅಂತ ಕೇಳಿ ಹೋಗುತ್ತಿದ್ದ. ಒಂದು ಮಧ್ಯಾಹ್ನ ಹಾಗೇ ಬಂದು ನಿಂತ. ಅವ್ವ ತೊಟ್ಟಿಲ ಪಕ್ಕ ಕೂತಿದ್ದಳು. ನಾನು ಕೆಂಡದ ಮಡಕೆ ತಂದಿಟ್ಟು ಹೊರಡುತ್ತಿದ್ದೆ. ಅಪ್ಪ ಅಕ್ಕನಿಗೆ, 'ನೋಡವ್ವ, ನಿಂಗೊಂದು ಮಾತು ಹೇಳ್ಬೇಕಾಗಿತ್ತು,' ಅಂದು ನಿಲ್ಲಿಸಿದ. ಹೊಸ್ತಿಲ ಮೇಲೆ ನಿಂತು ಬಾಗಿಲ ಚಿಲಕವನ್ನು ಎಳೆದು ಬಿಡುತ್ತಿದ್ದ.

ಅಕ್ಕ ಅವನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

'ತಮ್ಮ, ಬಾವಿ ಪಿಕ್ಚರ್ ಕಥೆ ಹೇಳು. ಈ ಸಲ ಟೆಂಟ್‌ನಾಗೆ ಇದ್ದಂಗೇ ಹೇಳು.'

ಬಾಣಂತಿ ಕೋಣೆಯಲ್ಲಿ ದೆವ್ವ ಅನ್ನುವ ಶಬ್ದವನ್ನು ಬಾಯಿ ತಪ್ಪಿ ಆಡಿದರೂ ಅವ್ವ ಪೊರಕೆ ತೆಗೆದುಕೊಳ್ಳುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು, ಬೇಡ ಅನ್ನಲಿಲ್ಲ.

ಹೇಳಿದೆ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದು, ಗಂಡ ಇನ್ನೊಬ್ಬಳನ್ನು ತಂದಿದ್ದು, ಬಾಗಿಲಲ್ಲಿ ಅವನು ಆಡಿದ ಮಾತು, ಎಲ್ಲ ಇದ್ದ ಹಾಗೆ ಹೇಳಿದೆ. ಕುಂಟಲಿಲ್ಲ, ಕುಣಿಯಲಿಲ್ಲ, ಗೋಡೆ ನೋಡಿಕೊಂಡು ಹೇಳಿದೆ. ಬಾವಿಯ ಹತ್ತಿರ ಬಂದಾಗ ಅಪ್ಪ ಹೆಗಲ ಮೇಲಿನ ಕಂಬಳಿಯಿಂದ ಮುಖ ಒರೆಸಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಒದ್ದೆ ಸೀರೆಯ ದೆವ್ವ ಬಂದು ತೊಟ್ಟಿಲಿಗೆ ಕೈ ಚಾಚಿತು, ಎತ್ತಿಕೊಳ್ಳಲು ಆಗಲಿಲ್ಲ, ಮತ್ತೆ ಚಾಚಿತು ಅನ್ನುವಲ್ಲಿಗೆ ನನ್ನ ದನಿ ನಿಂತಿತು.

'ಅಷ್ಟೇ ಅಲ್ವೇನೋ,' ಅಂದಳು ಅವ್ವ. 'ಅಲ್ಲಿಗೇ ಮುಗೀತೈತೆ. ಆಮ್ಯಾಕೆ ಬರೀ ಕೂಸು ಅಳಾದು.'

ನಾವೆಲ್ಲ ಅವಳನ್ನು ನೋಡಿದೆವು. ಅವ್ವ ಅಕ್ಕನಿಗೆ ಹೇಳಿದಳು, 'ನಾನೂ ಈ ಮನೇನಾಗೇ ಇದ್ನಲ್ಲವ್ವ. ಒಲೆ ಮುಂದೆ ಕುಂತು ದಿನಾ ಕೇಳೀನಿ. ಇವನು ಬ್ಯಾರೆ ಥರ ಹೇಳಿದ್ನಲ್ಲ, ನೀನು ಆ ಹೊತ್ನಾಗೆ ಮಲಗಿರ್ತೀ, ಇವನ ಮಾತ್ನೇ ನಂಬಿದೀ ಅನ್ಕಂಡಿದ್ದೆ. ನಂಬ್ಕಂಡೇ ಇರ್ಲಿ ಅನ್ಕಂಡಿದ್ದೆ.'

ಅಷ್ಟರಲ್ಲಿ ಕೂಸು ಎಚ್ಚರವಾಗಿ ಅಳಲು ಶುರು ಮಾಡಿತು. ಅವ್ವ ತಾನು ಎತ್ತಿಕೊಳ್ಳಲು ಹೋಗಲಿಲ್ಲ. ತೊಟ್ಟಿಲನ್ನು ಅಕ್ಕನ ಕಡೆ ಎಳೆದು ಹಿಡಿದುಕೊಂಡಳು.

'ಎತ್ಕಳವ್ವ,' ಅಂದಳು.

ಅಕ್ಕ ಎರಡು ಕೈಯನ್ನೂ ತೊಟ್ಟಿಲೊಳಗೆ ಹಾಕಿ ಕೂಸನ್ನು ಎತ್ತಿಕೊಂಡಳು.